ನೀಲಿ ಪರದೆಯ ಹೊತ್ತುಗೊತ್ತು

ಮನೆಬಳಕೆಯ ಕಂಪ್ಯೂಟರ್ ಕೆಲಸದ ನಡುವೆ ಹಠಾತ್ತನೆ ನಿಂತುಹೋಗುವುದನ್ನು ಜನ ಮೂರು ಮಾತುಗಳಲ್ಲಿ ಹೇಳುವುದುಂಟು. ಪರದೆಯ ಮೇಲಿನ ಚಿತ್ರ ಇದ್ದಲ್ಲೇ ಉಳಿದು ಮೌಸ್ ಅಲುಗದಿದ್ದರೆ ‘ಹ್ಯಾಂಗ್ ಆಯಿತು’ ಎನ್ನುತ್ತಾರೆ. ಯಾರೂ ಮುಟ್ಟದೆ ಆಫ್ ಆಗಿ ಮತ್ತೆ ಆನ್ ಆದರೆ ‘ತನ್ನಷ್ಟಕ್ಕೆ ರೀಸ್ಟಾರ್ಟ್ ಆಗುತ್ತದೆ’ ಎನ್ನುತ್ತಾರೆ. ಇನ್ನು ಮುಂದುವರಿಯಲಾಗದೆಂದು ವಿಂಡೋಸ್ ತಾನೇ ತಿಳಿಸಿ ಒಂದು ದೋಷಸಂಕೇತವನ್ನು ತೋರಿಸಿದರೆ ‘ನೀಲಿ ಸ್ಕ್ರೀನ್ ಬಂತು’ ಎನ್ನುತ್ತಾರೆ, 2025ರಲ್ಲಿ ವಿಂಡೋಸ್ 11ರ ಆ ಪರದೆ ಕಪ್ಪು ಬಣ್ಣಕ್ಕೆ ತಿರುಗಿದ ಮೇಲೂ ರೂಢಿಯ ಹೆಸರು ಬದಲಾಗಿಲ್ಲ. ರಿಪೇರಿಯವರ ಮುಂದೆ ಈ ಮೂರನ್ನೂ ಒಂದೇ ಎಂಬಂತೆ ಬಳಸುವುದುಂಟಾದರೂ ಅವು ಸೂಚಿಸುವ ಸಂಗತಿಗಳು ಬೇರೆ ಬೇರೆ. ನೀಲಿ ಪರದೆ ಮೂಡಿತೆಂದರೆ ತನಗೇನಾಯಿತೆಂದು ಬರೆದಿಡುವಷ್ಟು ಅವಕಾಶ ಯಂತ್ರಕ್ಕೆ ಸಿಕ್ಕಿತ್ತೆಂದು ಅರ್ಥ. ಏನೂ ಮೂಡದೆ ದೀಪ ಆರಿದಂತೆ ಆರಿತೆಂದರೆ ಆ ಅವಕಾಶವೂ ಸಿಗಲಿಲ್ಲವೆಂದು, ಎಂದರೆ ತೊಂದರೆ ಬಹುಮಟ್ಟಿಗೆ ವಿದ್ಯುತ್ತಿನದೋ ಬಿಸಿಯದೋ ಆಗಿರಬೇಕೆಂದು ಅರ್ಥ. ಹಾಗಾಗಿ ದೋಷ ಹುಡುಕುವವರು ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಮೊದಲು, ಕಂಡದ್ದೇನು, ಕಂಡದ್ದು ಯಾವ ಹೊತ್ತಿನಲ್ಲಿ ಎಂಬುದನ್ನು ಖಚಿತಪಡಿಸಿಕೊಳ್ಳಬೇಕಾಗುತ್ತದೆ.

ಹೊತ್ತಿನ ಪ್ರಶ್ನೆಗೆ ಇಷ್ಟು ಮಹತ್ವ ಬರುವುದು ಯಂತ್ರ ಇರುವ ಊರಿನಿಂದ. ಬಂಟ್ವಾಳ ತಾಲೂಕಿನಲ್ಲಿ, ಬಿ.ಸಿ.ರೋಡ್ ಮತ್ತು ಮಾಣಿಯ ನಡುವೆ ರಾಷ್ಟ್ರೀಯ ಹೆದ್ದಾರಿ 75ರ ಮೇಲಿರುವ ಕಲ್ಲಡ್ಕವನ್ನೇ ತೆಗೆದುಕೊಂಡರೆ, ಅಲ್ಲಿನ ಮನೆಯೊಂದರ ಕಂಪ್ಯೂಟರ್ ವರ್ಷದಲ್ಲಿ ಮೂರು ಬಗೆಯ ಹವೆಯನ್ನು ಎದುರಿಸುತ್ತದೆ. ಏಪ್ರಿಲ್–ಮೇ ತಿಂಗಳ ಸೆಕೆ ಮತ್ತು ಸಂಜೆಯ ಗುಡುಗು ಒಂದು. ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯ ಬೆನ್ನಿಗೇ ಬರುವ ಮಳೆಗಾಲ, ಅದರಲ್ಲೂ ಬಟ್ಟೆ ಒಣಗದ ಆಟಿ ತಿಂಗಳ ಥಂಡಿ ಇನ್ನೊಂದು. ಮಳೆ ಹೋಗಿ ಅಡಿಕೆ ತೋಟಗಳಿಗೆ ನೀರು ಹಾಯಿಸುವ ಪಂಪುಗಳು ದಿನವೂ ಓಡಲಾರಂಭಿಸುವ ಚಳಿಗಾಲ–ಬೇಸಿಗೆಯ ಕಾಲ ಮತ್ತೊಂದು. ಒಂದೇ ಯಂತ್ರ, ಒಂದೇ ಬಗೆಯ ನಿಲುಗಡೆ, ಆದರೆ ಕಾರಣ ಮೂರು ಕಾಲಕ್ಕೂ ಬೇರೆ ಇರಬಹುದು. ಕಾರಣ ಯಂತ್ರದ ಹೊಟ್ಟೆಯೊಳಗಿರುವುದಕ್ಕಿಂತ ಹೆಚ್ಚಾಗಿ ಗೋಡೆಯಲ್ಲೋ ಗಾಳಿಯಲ್ಲೋ ಇರುವ ಸಂದರ್ಭಗಳು ಈ ಸೀಮೆಯಲ್ಲಿ ಹೆಚ್ಚೆಂಬುದನ್ನು ಗಮನಿಸದೆ ಬಿಡಿಭಾಗ ಬದಲಿಸುತ್ತ ಹೋದರೆ ದುಡ್ಡು ಹೋಗುತ್ತದೆ, ತೊಂದರೆ ಉಳಿಯುತ್ತದೆ.

ಯಂತ್ರದೊಳಗಿನ ವ್ಯವಸ್ಥೆ ಹೇಗೆ ಕುಸಿಯುತ್ತದೆಂಬುದನ್ನು ತಿಳಿಯಲು ಕಲ್ಲಡ್ಕದವರಿಗೆ ದೂರ ಹೋಗಬೇಕಾಗಿಲ್ಲ. 1952ರಲ್ಲಿ ಆರಂಭವಾದ ಲಕ್ಷ್ಮೀ ನಿವಾಸ ಹೋಟೆಲಿನಿಂದ ಹೆಸರಾದ ಕೆ.ಟಿ., ಅಂದರೆ ಕಲ್ಲಡ್ಕ ಟೀ, ಗಾಜಿನ ಲೋಟದಲ್ಲಿ ಎರಡು ಪದರವಾಗಿ ನಿಲ್ಲುತ್ತದೆ: ಸಕ್ಕರೆ ಬೆರೆತ ದಪ್ಪ ಹಾಲು ಸಾಂದ್ರತೆ ಹೆಚ್ಚಿರುವುದರಿಂದ ಕೆಳಗುಳಿಯುತ್ತದೆ, ನಿಧಾನವಾಗಿ ಹೊಯ್ದ ಚಹಾದ ಡಿಕಾಕ್ಷನ್ ಮೇಲೆ ನಿಲ್ಲುತ್ತದೆ, ಚಮಚ ಹಾಕುವವರೆಗೆ ಒಂದು ಇನ್ನೊಂದನ್ನು ಕಲಕುವುದಿಲ್ಲ. ಕಾರ್ಯಾಚರಣ ವ್ಯವಸ್ಥೆಯೂ ಹೀಗೆಯೇ ಪದರ ಕಾಯ್ದುಕೊಳ್ಳುತ್ತದೆ. ಬ್ರೌಸರ್, ಟೈಪಿಂಗ್ ತಂತ್ರಾಂಶ, ಆಟಗಳಂಥವು ಮೇಲಿನ ಪದರದಲ್ಲಿ ನಡೆಯುತ್ತವೆ, ಅವುಗಳಲ್ಲೊಂದು ಕೆಟ್ಟರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ನೆನಪಿನ ಹಂಚಿಕೆ, ಕಡತಗಳ ವ್ಯವಸ್ಥೆ, ಯಂತ್ರಭಾಗಗಳೊಡನೆ ಮಾತಾಡುವ ಡ್ರೈವರ್‌ಗಳು ಕರ್ನಲ್ ಎಂಬ ಕೆಳಪದರದಲ್ಲಿರುತ್ತವೆ, ಅಲ್ಲಿ ತಪ್ಪಾದರೆ ಕಡತಗಳು ಹಾಳಾಗದಿರಲೆಂದು ವ್ಯವಸ್ಥೆ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ತಂತ್ರಾಂಶದ ಒಂದು ದೋಷಪೂರಿತ ಕಡತ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೆ ತಂದು ವಿಮಾನ ನಿಲ್ದಾಣಗಳನ್ನೂ ಆಸ್ಪತ್ರೆಗಳನ್ನೂ ತಡೆದು ನಿಲ್ಲಿಸಿದ್ದು ಅದು ಈ ಕೆಳಪದರವನ್ನು ಮುಟ್ಟಿದ್ದರಿಂದಲೇ. ಡ್ರೈವರ್‌ಗಳ ದೋಷಕ್ಕೊಂದು ಗುರುತಿದೆ: ಅದು ಹೊತ್ತು ನೋಡುವುದಿಲ್ಲ, ಕೆಲಸ ನೋಡುತ್ತದೆ. ಪ್ರಿಂಟರ್ ಜೋಡಿಸಿದಾಗ, ವೀಡಿಯೊ ತೆರೆದಾಗ, ಅಥವಾ ಅಪ್‌ಡೇಟ್ ಆದ ಮರುದಿನದಿಂದ ಒಂದೇ ಸಂಕೇತ ಮತ್ತೆ ಮತ್ತೆ ಮೂಡುತ್ತಿದ್ದರೆ, ಅತಿ ಅಗತ್ಯದ ಭಾಗಗಳಷ್ಟನ್ನೇ ನಡೆಸುವ ಸೇಫ್ ಮೋಡ್‌ನಲ್ಲಿ ಯಂತ್ರವನ್ನು ಆರಂಭಿಸಿ, ಆ ಡ್ರೈವರನ್ನು ಹಿಂದಿನ ಆವೃತ್ತಿಗೆ ಮರಳಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಹೊತ್ತು ನೋಡಿ ಬರುವ ದೋಷಗಳಲ್ಲಿ ಮೊದಲನೆಯದು ವಿದ್ಯುತ್ತಿನದು. ಜನ ‘ಸಿಪಿಯು’ ಎಂದು ಕರೆಯುವ ಪೆಟ್ಟಿಗೆಯ ಹಿಂಬದಿಯಲ್ಲಿ, ವೈರ್ ಸಿಕ್ಕಿಸುವ ಕಡೆ, ಎಸ್‌ಎಂಪಿಎಸ್ ಎಂಬ ತಗಡಿನ ಡಬ್ಬಿಯಿರುತ್ತದೆ. ಗೋಡೆಯಿಂದ ಬರುವ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಅದು 12, 5 ಮತ್ತು 3.3 ವೋಲ್ಟಿನ ನೇರ ವಿದ್ಯುತ್ತಾಗಿ ಇಳಿಸಿ ಕೊಡುತ್ತದೆ. ಅದರೊಳಗಿನ ಕೆಪಾಸಿಟರ್, ಅಂದರೆ ವಿದ್ಯುದಂಶವನ್ನು ತುಂಬಿಟ್ಟುಕೊಳ್ಳುವ ಉರುಟು ಭಾಗ, ಕರೆಂಟು ಕ್ಷಣಕಾಲ ತಪ್ಪಿದರೂ ಸುಮಾರು 16ರಿಂದ 20 ಮಿಲಿಸೆಕೆಂಡಿನವರೆಗೆ ಯಂತ್ರವನ್ನು ನಡೆಸಬಲ್ಲದು. 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತಕ್ಕೆ 20 ಮಿಲಿಸೆಕೆಂಡ್ ಬೇಕಾಗುವುದರಿಂದ ಈ ಆಸರೆ ಎಷ್ಟು ಸಣ್ಣದೆಂಬುದು ಗೊತ್ತಾಗುತ್ತದೆ. ತೋಟದ ಪಂಪಿನ ಮೋಟಾರು ಚಾಲೂ ಆಗುವ ಗಳಿಗೆಯಲ್ಲಿ ತನ್ನ ಎಂದಿನ ಪ್ರಮಾಣಕ್ಕಿಂತ ಐದಾರು ಪಟ್ಟು ಹೆಚ್ಚು ಕರೆಂಟನ್ನು ಎಳೆಯುತ್ತದೆ. ಮನೆ ಟ್ರಾನ್ಸ್‌ಫಾರ್ಮರಿನಿಂದ ದೂರವಿದ್ದು ಲೈನಿನ ತುದಿಯಲ್ಲಿದ್ದರೆ ಆಗ ಬಲ್ಬು ಮಂಕಾಗುವುದನ್ನು ಕಣ್ಣಿನಿಂದಲೇ ಕಾಣಬಹುದು. ಸಾದಾ ಎಸ್‌ಎಂಪಿಎಸ್‌ನ ಕೆಪಾಸಿಟರಿನಲ್ಲಿ ಉಳಿಯುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, 230 ಇದ್ದದ್ದು 180ಕ್ಕೆ ಇಳಿದರೆ ಆ ಶಕ್ತಿ ಸುಮಾರು ಶೇಕಡಾ 40ರಷ್ಟು ಕುಗ್ಗುತ್ತದೆ. ಅದರ ಜೊತೆಗೆ ಕೆಪಾಸಿಟರೂ ಹಳತಾಗಿದ್ದರೆ ಬಲ್ಬು ಆರುವುದಿಲ್ಲ, ಫ್ಯಾನ್ ನಿಲ್ಲುವುದಿಲ್ಲ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತದೆ. ಮನೆಯವರು ‘ಕರೆಂಟು ಹೋಗಲೇ ಇಲ್ಲ’ ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ.

ಇನ್ವರ್ಟರ್ ಇದ್ದ ಮಾತ್ರಕ್ಕೆ ಈ ತೊಂದರೆ ತಪ್ಪುವುದಿಲ್ಲವೆಂಬುದೂ ಇಲ್ಲಿ ಸೇರಬೇಕಾದ ಮಾತು. ಅನೇಕ ಮನೆ ಇನ್ವರ್ಟರುಗಳಲ್ಲಿ ‘ಯುಪಿಎಸ್’ ಮತ್ತು ‘ನಾರ್ಮಲ್’ ಎಂದು ಬರೆದ ಚಿಕ್ಕ ಸ್ವಿಚ್ಚೊಂದು ಇರುತ್ತದೆ. ನಾರ್ಮಲ್‌ನಲ್ಲಿಟ್ಟರೆ ವೋಲ್ಟೇಜು ಬಹಳ ಕೆಳಗಿಳಿಯುವವರೆಗೂ ಅದು ಬ್ಯಾಟರಿಗೆ ಹೋಗುವುದಿಲ್ಲ, ಹೋಗುವಾಗಲೂ ತಡಮಾಡುತ್ತದೆ. ಯುಪಿಎಸ್‌ನಲ್ಲಿಟ್ಟರೆ ಬೇಗನೆ ಬದಲಾಗುತ್ತದೆ. ಬೆರಳತುದಿಯ ಈ ಸ್ವಿಚ್ಚು ತಪ್ಪು ಬದಿಗಿದ್ದ ಕಾರಣಕ್ಕೆ ಒಳ್ಳೆಯ ಮದರ್‌ಬೋರ್ಡು, ಅಂದರೆ ಎಲ್ಲ ಭಾಗಗಳನ್ನೂ ಕೂಡಿಸುವ ಮೂಲ ಹಲಗೆ, ಅನುಮಾನಕ್ಕೆ ಗುರಿಯಾಗುವುದು ನಿಜಕ್ಕೂ ಬೇಸರದ ಸಂಗತಿ.

ಕರೆಂಟಿನ ಜೊತೆಗೇ ಬರುವ ಇನ್ನೊಂದು ವಿಷಯ ಅರ್ಥಿಂಗ್, ಎಂದರೆ ಸೋರಿದ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ. ಕಲ್ಲಡ್ಕದ ಹೆಸರಿನಲ್ಲಿರುವ ‘ಅಡ್ಕ’ ಎಂದರೆ ತುಳುವಿನಲ್ಲಿ ಮರಗಿಡ ಹೆಚ್ಚಿಲ್ಲದ ಗಟ್ಟಿ ನೆಲದ ಬಯಲು. ಇಂಥ ಮುರಕಲ್ಲಿನ ನೆಲ ಮಳೆಗಾಲದಲ್ಲಿ ನೀರು ಕುಡಿದು ವಿದ್ಯುತ್ತನ್ನು ಚೆನ್ನಾಗಿಯೇ ಒಯ್ಯುತ್ತದೆ, ಬೇಸಿಗೆಯಲ್ಲಿ ಒಣಗಿದಾಗ ಒಯ್ಯದು. ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ಬೇಸಿಗೆಯಲ್ಲಿ ಆಗಾಗ ನೀರು ಹೊಯ್ಯುವ ಪದ್ಧತಿಗೆ ಕಾರಣ ಇದೇ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಬರಿಗಾಲಲ್ಲಿ ನಿಂತು ಕಂಪ್ಯೂಟರಿನ ತಗಡನ್ನು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ, ಟೆಸ್ಟರ್ ಹಿಡಿದರೆ ಮಂದವಾಗಿ ಬೆಳಗುತ್ತದೆ. ಎಸ್‌ಎಂಪಿಎಸ್‌ನೊಳಗೆ ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಹೊರಗಿನ ತಗಡಿಗೆ ಒಂದೊಂದು ಪುಟ್ಟ ಕೆಪಾಸಿಟರ್ ಜೋಡಿಸಿರುವುದರಿಂದ, ನೆಲದ ದಾರಿ ಮುಚ್ಚಿದ್ದರೆ ತಗಡು 230ರ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟಿನಲ್ಲಿ ತೇಲುತ್ತಿರುತ್ತದೆ. ಹರಿಯುವ ಕರೆಂಟು ಬಹಳ ಸಣ್ಣದಾದ ಕಾರಣ ಜುಮ್ಮೆನ್ನುವುದರಲ್ಲಿ ಮುಗಿಯುತ್ತದೆ. ಅಂಥ ತಗಡಿಗೆ ಪೆನ್‌ಡ್ರೈವ್, ಸ್ಪೀಕರ್, ಕೇಬಲ್ ಸಿಕ್ಕಿಸಿದ ಗಳಿಗೆಯಲ್ಲಿ ಯಂತ್ರ ಹ್ಯಾಂಗ್ ಆಗುವುದುಂಟು. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸುವ ಅಭ್ಯಾಸದಿಂದ ನೆಲದ ದಾರಿಯನ್ನು ಮನೆಯವರೇ ಕಡಿದುಹಾಕಿದಂತಾಗುತ್ತದೆ. ಗುಡುಗು ಕೇಳಿಸಿದ ಕೂಡಲೇ ಪ್ಲಗ್ ಕೀಳುವ ಕರಾವಳಿಯ ಹಿರಿಯರ ಅಭ್ಯಾಸ ಮಾತ್ರ ಇಂದಿಗೂ ಸರಿಯಾದದ್ದೇ. ಫೈಬರ್ ಎಳೆಯಲ್ಲಿ ಸಿಡಿಲಿನ ಕರೆಂಟು ಹರಿಯದಿದ್ದರೂ ಮೋಡೆಮ್ಮಿನ ಅಡಾಪ್ಟರ್ ಗೋಡೆಗೇ ಸಿಕ್ಕಿಕೊಂಡಿರುತ್ತದೆ, ಅಲ್ಲಿಂದ ಕಂಪ್ಯೂಟರಿನವರೆಗೆ ತಾಮ್ರದ ತಂತಿ ಇರುತ್ತದೆ.

ಮಳೆಗಾಲದ ದೋಷ ಬೇರೆ ಜಾತಿಯದು. ನಾಲ್ಕು ದಿನ ಮುಚ್ಚಿಟ್ಟ ಯಂತ್ರವನ್ನು ಆಟಿಯ ಬೆಳಗಿನಲ್ಲಿ ಆನ್ ಮಾಡಿದರೆ ಪರದೆ ಬರುವುದಿಲ್ಲ, ಬೀಪ್ ಸದ್ದು ಕೇಳುತ್ತದೆ, ಅಥವಾ ಐದು ನಿಮಿಷ ನಡೆದು ಪ್ರತಿ ಸಲವೂ ಬೇರೆ ಬೇರೆ ಸಂಕೇತ ತೋರಿಸಿ ನಿಲ್ಲುತ್ತದೆ. ಹೀಗೆ ಸಂಕೇತಗಳು ಬದಲಾಗುತ್ತಿರುವುದು ರ‍್ಯಾಮ್, ಅಂದರೆ ಕೆಲಸ ನಡೆಯುವಾಗ ಯಂತ್ರ ಬಳಸುವ ತಾತ್ಕಾಲಿಕ ನೆನಪಿನ ಪಟ್ಟಿಯ, ತೊಂದರೆಗೆ ಸಾಮಾನ್ಯ ಗುರುತು. ಪಟ್ಟಿಯ ಅಂಚಿನಲ್ಲಿ ಸಾಲಾಗಿರುವ ಹೊಂಬಣ್ಣದ ಸಂಪರ್ಕಗಳ ಮೇಲೆ ತೇವ ಮತ್ತು ಧೂಳು ಸೇರಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕೂರುತ್ತದೆ. ಕರಾವಳಿಯ ಕಂಪ್ಯೂಟರ್ ಅಂಗಡಿಗಳಲ್ಲಿ ಇದಕ್ಕೆ ಮಾಡುವ ಚಿಕಿತ್ಸೆ ಬಲು ಸರಳ: ಪ್ಲಗ್ ತೆಗೆದು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಇಳಿಸಿ, ಎರಡು ಬದಿಯ ಕೊಂಡಿ ಬಿಡಿಸಿ, ಪಟ್ಟಿಯನ್ನು ಮೇಲೆತ್ತಿ, ಶಾಲೆಯ ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಹೊನ್ನಿನ ಸಾಲನ್ನು ಹಗುರವಾಗಿ ಒಂದೇ ದಿಕ್ಕಿಗೆ ಉಜ್ಜಿ, ರಬ್ಬರಿನ ಪುಡಿಯನ್ನು ಒಣ ಬ್ರಷ್ಷಿನಿಂದ ಕೊಡವಿ, ಎರಡೂ ಕೊಂಡಿ ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸುತ್ತಾರೆ. ಹೊನ್ನಿನ ಲೇಪ ಬಹಳ ತೆಳ್ಳಗಿರುವುದರಿಂದ ಇದನ್ನು ವಾರಕ್ಕೊಮ್ಮೆ ಮಾಡುವಂತಿಲ್ಲ. ಎಷ್ಟೋ ಸಲ ಉಜ್ಜದೆ ತೆಗೆದು ಮತ್ತೆ ಕೂರಿಸಿದರೇ ಸಾಕಾಗುತ್ತದೆ. ಆಮೇಲೂ ನಿಲ್ಲದಿದ್ದರೆ ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನೋಸ್ಟಿಕ್ ಪರೀಕ್ಷೆಯನ್ನು ಇಡೀ ರಾತ್ರಿ ನಡೆಸಿ, ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಬಳಸಿ ನೋಡಬೇಕಾಗುತ್ತದೆ. ಬಿಸಿ ಆರುವ ಮೊದಲೇ ಹೊಲಿಸಿದ ಬಟ್ಟೆಯ ಅಥವಾ ಪ್ಲಾಸ್ಟಿಕ್ಕಿನ ಹೊದಿಕೆ ಮುಚ್ಚುವ ಮನೆಗಳಲ್ಲಿ ಪ್ರೀತಿಯಿಂದ ಮಾಡಿದ ಆರೈಕೆಯೇ ತೇವವನ್ನು ಒಳಗೆ ಕೂಡಿಹಾಕುತ್ತದೆ. ಮಳೆಗಾಲದಲ್ಲಿ ದಿನಕ್ಕೊಂದಿಷ್ಟು ಹೊತ್ತು ಯಂತ್ರವನ್ನು ನಡೆಸಿದರೆ ಅದರ ಬಿಸಿಯೇ ತೇವವನ್ನು ಓಡಿಸುತ್ತದೆ.

ಬೇಸಿಗೆಯ ಮಧ್ಯಾಹ್ನ, ಅರ್ಧ ಗಂಟೆಯ ಕೆಲಸದ ನಂತರ, ಫ್ಯಾನಿನ ಸದ್ದು ಏರಿ ಆಮೇಲೆ ಯಂತ್ರ ಆಫ್ ಆಗುತ್ತಿದ್ದರೆ ಬಿಸಿಯೇ ಕಾರಣ. ಬಹಳಷ್ಟು ಪ್ರೊಸೆಸರುಗಳು 100 ಡಿಗ್ರಿ ಸೆಲ್ಸಿಯಸಿನ ಆಸುಪಾಸಿಗೆ ಬಂದಾಗ ಮೊದಲು ವೇಗ ತಗ್ಗಿಸಿ, ಅದಕ್ಕೂ ಬಗ್ಗದಿದ್ದರೆ ಸುಟ್ಟುಹೋಗದಂತೆ ತಮ್ಮನ್ನೇ ಆರಿಸಿಕೊಳ್ಳುತ್ತವೆ. ಹೆದ್ದಾರಿ ಅಗಲವಾಗಿ ಮೇಲ್ಸೇತುವೆ ಏಳುತ್ತಿದ್ದ ವರ್ಷಗಳಲ್ಲಿ ಕಲ್ಲಡ್ಕದ ಪೇಟೆಬದಿಯ ಮನೆ–ಅಂಗಡಿಗಳು ತಿಂದ ಕೆಂಪು ಧೂಳು ಕಿಟಕಿಯ ಮೇಲೆ ಕೂತಂತೆಯೇ ಫ್ಯಾನಿನ ರೆಕ್ಕೆಯ ಮೇಲೂ ಕೂತಿರುತ್ತದೆ. ಇರುವೆಗಳು ಬೆಚ್ಚಗಿನ ಜಾಗ ಹುಡುಕಿ ಒಳಸೇರುತ್ತವೆ, ಕುಂಬಾರ ಹುಳ ಯುಎಸ್‌ಬಿ ಕಿಂಡಿಯಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ. 1947ರ ಸೆಪ್ಟೆಂಬರಿನಲ್ಲಿ ಹಾರ್ವರ್ಡ್ ಮಾರ್ಕ್ 2 ಯಂತ್ರದ ರಿಲೇಯೊಳಗೆ ಸಿಕ್ಕ ಪತಂಗವನ್ನು ಅಲ್ಲಿನವರು ದಿನಚರಿ ಪುಸ್ತಕಕ್ಕೆ ಅಂಟಿಸಿಟ್ಟರು. ಬಂಟ್ವಾಳದ ಸೀಮೆಯಲ್ಲಿ ಹಾಗೆ ಅಂಟಿಸಿಡುತ್ತ ಹೋದರೆ ಪುಸ್ತಕ ಬೇಗ ತುಂಬೀತು. ಹಳೆಯ ಯಂತ್ರಗಳ ಮದರ್‌ಬೋರ್ಡಿನಲ್ಲಿ ನೋಡಬೇಕಾದ ಮತ್ತೊಂದು ಗುರುತಿದೆ: ಕೆಪಾಸಿಟರಿನ ತಲೆ ಮಟ್ಟಸವಾಗಿರಬೇಕು, ಅದು ಉಬ್ಬಿದ್ದರೆ ಅಥವಾ ಕಂದು ರಸ ಒಸರಿದ್ದರೆ ತಂತ್ರಾಂಶವನ್ನು ದೂರಿ ಫಲವಿಲ್ಲ.

ಇಷ್ಟೆಲ್ಲ ಕಾರಣಗಳಿರುವಾಗ ‘ಒಮ್ಮೆ ಫಾರ್ಮ್ಯಾಟ್ ಮಾಡಿಬಿಡಿ’ ಎಂಬ ಸಲಹೆ ಮೊದಲ ಮಾತಾಗಿ ಬರುವುದು ಸರಿಯಲ್ಲ. ಫಾರ್ಮ್ಯಾಟ್ ಎಂದರೆ ಡಿಸ್ಕನ್ನು ಅಳಿಸಿ ವ್ಯವಸ್ಥೆಯನ್ನು ಹೊಸದಾಗಿ ಹಾಕುವುದು. ಅದರಿಂದ ವೋಲ್ಟೇಜು ಏರುವುದಿಲ್ಲ, ತೇವ ಆರುವುದಿಲ್ಲ. ಹೋಗುವುದು ಸಾಕ್ಷ್ಯ ಮಾತ್ರ. ವಿಂಡೋಸ್‌ನ ಇವೆಂಟ್ ವ್ಯೂವರ್ ಎಂಬ ದಾಖಲೆಯಲ್ಲಿ ಸರಿಯಾಗಿ ಮುಚ್ಚದೆ ಯಂತ್ರ ಮತ್ತೆ ಆರಂಭವಾದಾಗಲೆಲ್ಲ 41 ಎಂಬ ಸಂಖ್ಯೆಯ ನಮೂದು ದಿನಾಂಕ, ಗಂಟೆ, ನಿಮಿಷಗಳೊಡನೆ ಸೇರುತ್ತದೆ, ರಿಲಯಬಿಲಿಟಿ ಮಾನಿಟರ್ ಎಂಬ ಇನ್ನೊಂದು ಪುಟ ದಿನದಿನದ ಕುಸಿತಗಳನ್ನು ಕೆಂಪು ಗುರುತಿನಲ್ಲಿ ಸಾಲಾಗಿ ತೋರಿಸುತ್ತದೆ. ಅಳಿಸಿದ ಮೇಲೆ ಅದ್ಯಾವುದೂ ಇಲ್ಲ. ಕನ್ನಡದ ಮನೆಗಳಿಗೆ ಇನ್ನೊಂದು ನಷ್ಟವೂ ಇದೆ. ಯೂನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕಡತಗಳು ಆ ಫಾಂಟು ಯಂತ್ರದಲ್ಲಿದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ. ಬೇರೆಡೆ ಉಳಿಸಿಟ್ಟಿದ್ದರೂ ಫಾರ್ಮ್ಯಾಟಿನ ನಂತರ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ತೆರೆದುಕೊಂಡಾಗ, ಯಕ್ಷಗಾನ ಪ್ರಸಂಗವನ್ನೋ ಮನೆತನದ ವಂಶಾವಳಿಯನ್ನೋ ತಿಂಗಳುಗಟ್ಟಲೆ ಟೈಪಿಸಿದವರು ಎಲ್ಲ ಹಾಳಾಯಿತೆಂದೇ ತಿಳಿದು ಅಳಿಸಿಬಿಡುವ ಅಪಾಯವಿದೆ. ಫಾಂಟನ್ನು ಮತ್ತೆ ಹಾಕಿದರೆ ಅಕ್ಷರಗಳು ಮರಳುತ್ತವೆ. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ.ರಾವ್ ಕನ್ನಡಕ್ಕೊಂದು ತರ್ಕಬದ್ಧ ಕೀಲಿಮಣೆ ವಿನ್ಯಾಸವನ್ನು ರೂಪಿಸಿಕೊಟ್ಟದ್ದರಿಂದ ಮನೆಮನೆಯಲ್ಲಿ ಸಾಧ್ಯವಾದ ಬರವಣಿಗೆ ಅವಸರದ ರಿಪೇರಿಗೆ ಬಲಿಯಾಗಬಾರದು.

ದಕ್ಷಿಣ ಕನ್ನಡದ ಅಡುಗೆಮನೆಯ ಗೋಡೆಯಲ್ಲಿ ತೂಗುವ ಕ್ಯಾಲೆಂಡರಿನ ಚೌಕಗಳಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಅಡಿಕೆ ಕೊಯ್ಲಿಗೆ ಬಂದವರ ಸಂಬಳ ಎಲ್ಲವನ್ನೂ ಗುರುತು ಹಾಕುವ ರೂಢಿ ಈಗಾಗಲೇ ಇದೆ. ಅದೇ ಚೌಕದಲ್ಲಿ ಕಂಪ್ಯೂಟರ್ ನಿಂತ ಗಂಟೆ, ಪರದೆಯಲ್ಲಿ ಕಂಡ ಸಂಕೇತ, ಆಗ ಮಳೆಯಿತ್ತೇ, ಪಂಪು ಓಡುತ್ತಿತ್ತೇ ಎಂಬ ಎರಡು ಪದಗಳನ್ನು ಮೂರು ವಾರ ಬರೆದಿಟ್ಟರೆ, ಓದಲು ತಂತ್ರಜ್ಞರೇ ಬೇಕಾಗುವುದಿಲ್ಲ. ಸೋಮವಾರ ಆರೂವರೆ, ಬುಧವಾರ ಆರು ನಲವತ್ತು, ಶುಕ್ರವಾರ ಮತ್ತೆ ಆರೂವರೆ ಎಂದು ಬೆಳಗಿನ ನಮೂದುಗಳು ‘ಪಂಪು’ ಎಂಬ ಪದದೊಡನೆ ಒಂದರ ಕೆಳಗೊಂದು ಕೂತಾಗ, ಮೊದಲು ಕರೆ ಹೋಗಬೇಕಾದದ್ದು ಕಂಪ್ಯೂಟರ್ ಅಂಗಡಿಗಲ್ಲ, ವಯರಿಂಗಿನವರಿಗೆ ಎಂಬುದನ್ನು ಕ್ಯಾಲೆಂಡರ್ ನೋಡಿದ ಮನೆಯ ಯಾರಾದರೂ ಹೇಳಬಲ್ಲರು.