ಕೈಯ ದೋಷವಲ್ಲ, ಕೊರಳಿನದು

ನೋವು ಶರೀರದ ಕಾವಲುಗಾರನೆಂದು ನಾವು ನಂಬಿರುವೆವು. ಆ ಕಾವಲುಗಾರನು ಕೂಗದೆ ಬರುವ ರೋಗವೂ ಉಂಟೆಂಬುದನ್ನು ತಡವಾಗಿ ಕಲಿತೆವು. ಬಬಲೇಶ್ವರದ ನಮ್ಮ ಸೋದರತ್ತೆಯವರು ಬಡಿಯುವ ಜೋಳದ ರೊಟ್ಟಿ ಹರಿಯತೊಡಗಿತು. ಕುಪ್ಪಸದ ಗುಂಡಿ ಹಾಕಲು ಮೊಮ್ಮಗಳು ಬೇಕಾದಳು. ಕಾಲಿನ ಚಪ್ಪಲಿ ಜಾರಿದುದೂ ಅವರಿಗೆ ತಿಳಿಯುತ್ತಿರಲಿಲ್ಲ. ವಯಸ್ಸಾಯಿತು, ವಾತವಿದ್ದೀತು ಎಂದು ನಾವು ಒಂದು ವರ್ಷವನ್ನು ಎಣ್ಣೆ ತಿಕ್ಕಿಸುವುದರಲ್ಲಿಯೇ ಕಳೆದೆವು.

ವಿಜಯಪುರದ ವೈದ್ಯರು ಎಂ.ಆರ್.ಐ. ಚಿತ್ರವನ್ನು ತೋರಿಸಿದಾಗ ತಪ್ಪು ಕೈಯದಲ್ಲವೆಂದು ಗೊತ್ತಾಯಿತು. ಕೊರಳಿನಲ್ಲಿ ಏಳು ಎಲುಬಿನ ಮಣಿಗಳುಂಟು. ಅವುಗಳ ನಡುವಿನ ಮೆತ್ತೆಗಳು ಸವೆದು ಹಿಂದಕ್ಕೆ ಉಬ್ಬಿ, ಎಲುಬಿನ ಅಂಚುಗಳು ಬೆಳೆದು, ಬೆನ್ನುಹುರಿಯನ್ನು ಮೂರು ಕಡೆ ಒತ್ತುತ್ತಿದ್ದುವು.

ಈ ಒತ್ತಡವನ್ನು ತೆಗೆಯಲು ದಾರಿಗಳು ಎರಡು. ಮೊದಲನೆಯದು ಕೊರಳಿನ ಮುಂಭಾಗದಿಂದ. ಕೆಟ್ಟ ಮೆತ್ತೆಯನ್ನು ತೆಗೆದು, ಆ ಎಡೆಯಲ್ಲಿ ಎಲುಬಿನ ತುಂಡನ್ನಿಟ್ಟು, ಮೇಲೆ ಲೋಹದ ಪಟ್ಟಿಯನ್ನು ತಿರುಪುಮೊಳೆಗಳಿಂದ ಬಿಗಿಯುವರು. ಒತ್ತಡವು ಒಂದೆರಡು ಕಡೆ ಮಾತ್ರ ಇದ್ದರೆ, ಅಥವಾ ಕೊರಳು ಮುಂದಕ್ಕೆ ಬಾಗಿದ್ದರೆ, ಸಾಮಾನ್ಯವಾಗಿ ಇದೇ ಯೋಗ್ಯ. ಎರಡನೆಯದು ಹಿಂಭಾಗದಿಂದ. ಬೆನ್ನುಹುರಿಯ ಮೇಲಿನ ಎಲುಬಿನ ಕಮಾನನ್ನು ತೆಗೆದು, ಎರಡೂ ಬದಿಗೆ ತಿರುಪುಮೊಳೆಗಳನ್ನೂ ಸರಳುಗಳನ್ನೂ ಕೂಡಿಸುವರು. ಒತ್ತಡ ಹಲವು ಕಡೆ ಇದ್ದು ಕೊರಳಿನ ಸಹಜವಾದ ಬಾಗು ಉಳಿದಿದ್ದರೆ ಇದು ಅನುಕೂಲ. ಜಪಾನಿನ ಹಿರಾಬಯಾಶಿ ಎಂಬ ವೈದ್ಯರು 1977ರಲ್ಲಿ ಆರಂಭಿಸಿದ ಕ್ರಮದಲ್ಲಿ ಕಮಾನನ್ನು ತೆಗೆದುಹಾಕದೆ ಬಾಗಿಲಿನಂತೆ ಒಂದು ಬದಿಗೆ ತೆರೆದಿಡುವರು. ಮಣಿಗಳನ್ನು ಬೆಸೆಯದ ಕಾರಣ ಕೊರಳಿನ ಚಲನೆ ಹೆಚ್ಚು ಉಳಿಯುವುದು.

ಯಾವುದು ಮೇಲು? ಎರಡು ದಾರಿಗೂ ಯೋಗ್ಯರಾದ 163 ರೋಗಿಗಳ ಮೇಲೆ ಉತ್ತರ ಅಮೆರಿಕದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂದು ವರ್ಷದ ಬಳಿಕ ದೇಹಸೌಖ್ಯದಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ನುಂಗುವ ಕಷ್ಟ ಮೊದಲಾದ ತೊಡಕುಗಳು ಮುಂದಿನ ದಾರಿಯಲ್ಲಿ ಹೆಚ್ಚಾಗಿದ್ದುವು. ನಮ್ಮ ಅತ್ತೆಯವರಿಗೆ ಹಿಂದಿನ ದಾರಿಯೇ ಗೊತ್ತಾಯಿತು.

ಅವರ ಮಗನು ತಿಕೋಟಾದಲ್ಲಿ ದ್ರಾಕ್ಷಿಯ ತೋಟ ಮಾಡಿರುವನು. "ಡಾಕ್ಟರ್ ಸಾಹೇಬರೆ, ಈ ಮೊಳೆಗಳು ಎಷ್ಟು ವರ್ಷ ತಾಳಿಯಾವು?" ಎಂದು ಅವನು ಕೇಳಿದನು. ವೈದ್ಯರು, "ಕಸಿಗೆ ಸುತ್ತಿದ ಪಟ್ಟಿಯ ಕೆಲಸ ಎಷ್ಟು ದಿನದ್ದು? ಬಳ್ಳಿ ಕೂಡುವವರೆಗೆ. ಇಲ್ಲಿಯೂ ಎಲುಬು ಎಲುಬಿಗೆ ಕೂಡಬೇಕು. ಕೂಡದಿದ್ದರೆ ಎಂಥ ಮೊಳೆಯೂ ಸಡಿಲಾದೀತು" ಎಂದರು. ಬೀಡಿ ಸೇದುವವರಲ್ಲಿ ಈ ಕೂಡಿಕೆಗೆ ಅಡ್ಡಿಯುಂಟೆಂದೂ ತಿಳಿಸಿದರು. ಬಳಿಕ ಅತ್ತೆಯವರ ಕಡೆ ತಿರುಗಿ, "ಅವ್ವಾ, ರೋಗ ಮುಂದುವರಿಯದಂತೆ ತಡೆಯುವುದೇ ಈ ಶಸ್ತ್ರಕ್ರಿಯೆಯ ಮೊದಲ ಉದ್ದೇಶ. ಹೋದ ಶಕ್ತಿಯೆಲ್ಲ ಮರಳಿ ಬರುವುದೆಂದು ಮಾತು ಕೊಡಲಾರೆ" ಎಂದರು.

ಅತ್ತೆಯವರು ಈಗ ಕೋಲಿಲ್ಲದೆ ನಡೆಯುವರು. ಗುಂಡಿಯನ್ನು ತಾವೇ ಹಾಕಿಕೊಳ್ಳುವರು. ರೊಟ್ಟಿಯನ್ನು ಮಾತ್ರ ಸೊಸೆ ಬಡಿಯುತ್ತಾಳೆ. ಆ ಒಂದು ವರ್ಷವನ್ನು ಎಣಿಸಿದಾಗಲೆಲ್ಲ ನಮ್ಮ ಮನಸ್ಸು ಚುಚ್ಚುವುದು. ದಾರಿಯನ್ನು ಆರಿಸುವುದು ವೈದ್ಯರ ಕೆಲಸ. ಹೊತ್ತು ಮೀರದಂತೆ ನೋಡಿಕೊಳ್ಳುವುದು ಮನೆಯವರ ಕೆಲಸ. ವಾಚಕರ ಮನೆಯಲ್ಲಿ ಹಿರಿಯರ ಕೈ ಗುಂಡಿಯ ಬಳಿ ತಡವರಿಸಿದರೆ, ಎಣ್ಣೆಯ ಗಿಂಡಿಗಿಂತ ಮೊದಲು ವೈದ್ಯರ ನೆನಪಾಗಲಿ.