ಓಡಾಕ ಜಾಗಾ ಐತೇನವಾ?

ಮಕ್ಕಳಿಗೆ ಬಹುಮಾನದ ಆಸೆ ತೋರಿಸುವಾಗ ದೊಡ್ಡವರು ಮುಂದಿನದನ್ನು ಯೋಚಿಸುವುದು ಕಡಿಮೆ. ಅಕ್ಕಿಪೇಟೆಯ ಆ ಮನೆಯಲ್ಲಿ ಆದದ್ದೂ ಹಾಗೆಯೇ. "ಎಸ್ಸೆಸ್ಸೆಲ್ಸೀಲಿ ಡಿಸ್ಟಿಂಕ್ಷನ್ ತೆಗಿ, ನಾಯಿಮರಿ ತಂದುಕೊಡ್ತೀನಿ" ಎಂದು ಅಪ್ಪ ಒಂದು ರಾತ್ರಿ ಊಟ ಮಾಡುತ್ತ ಹೇಳಿ ಮರೆತುಬಿಟ್ಟಿದ್ದರು. ಮಗಳು ಮರೆಯಲಿಲ್ಲ. ಫಲಿತಾಂಶ ಬಂದ ದಿನ ಅಂಕಗಳನ್ನು ಹೇಳಿದ ಉಸಿರಿನಲ್ಲೇ ಮಾತನ್ನೂ ನೆನಪಿಸಿದಳು. ಬೇಕಾದದ್ದು ಮುಧೋಳ ನಾಯಿಯೇ ಎಂದೂ ಸೇರಿಸಿದಳು.

ಅಜ್ಜಿಗೆ ಇದು ಸರಿಬರಲಿಲ್ಲ. ಗೋಡೆಗೆ ಗೋಡೆ ಅಂಟಿದ ಮನೆ. ಕೆಳಗೆ ಮಳಿಗೆ, ಮೇಲೆ ಸಂಸಾರ. ಬೆಳಗಾಯಿತೆಂದರೆ ಬೀದಿ ತುಂಬ ತಳ್ಳುಗಾಡಿ, ಗೂಡ್ಸ್ ಆಟೋ, ಹಮಾಲರ ಕೂಗು. "ಮನುಷ್ಯರು ನಿಲ್ಲೋಕೇ ಜಾಗ ಇಲ್ಲ, ಬೇಟೆನಾಯಿ ತರ್ತಾನಂತೆ" ಎಂದು ಗೊಣಗಿದರು. ಆದರೆ ಕೊಟ್ಟ ಮಾತು ಕೊಟ್ಟ ಮಾತೇ. ಮೇ ತಿಂಗಳ ಕೊನೆಯಲ್ಲಿ ಅಪ್ಪ-ಮಗಳು ಕಾರಿನಲ್ಲಿ ಹೊರಟು ಬಾಗಲಕೋಟೆ ಜಿಲ್ಲೆಯ ಮುಧೋಳ ಸೇರಿದರು.

ಘಟಪ್ರಭೆಯ ದಡದ ಈ ಸೀಮೆ ಕವಿ ರನ್ನನ ಊರು. ಕಡಿಮೆ ಮಾಂಸ, ಉದ್ದನೆಯ ಕಾಲು, ಸಪೂರ ಮೂತಿಯ ನಾಯಿಗೂ ಇದೇ ತವರು. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಪೋಷಿಸಿ, ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟಿದ್ದರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ತಂದಿತು. 2016ರಲ್ಲಿ ಮರಿಗಳು ಮೀರತ್‌ಗೆ ಹೋಗಿ ಸೈನ್ಯದ ತರಬೇತಿಗೂ ಸೇರಿದವು. ಇದನ್ನೆಲ್ಲ ಮಗಳು ದಾರಿಯುದ್ದಕ್ಕೂ ಅಪ್ಪನಿಗೆ ಪಾಠ ಒಪ್ಪಿಸಿದ್ದಳು.

ಮರಿ ಸಿಕ್ಕಿದ್ದು ಹತ್ತಿರದ ಹಳ್ಳಿಯ ಒಂದು ರೈತರ ಮನೆಯಲ್ಲಿ. ಎರಡು ತಿಂಗಳು ತುಂಬಿತ್ತು, ಮೊದಲ ಲಸಿಕೆ ಆಗಿತ್ತು. ಹುಟ್ಟಿದ ಎಂಟು ವಾರದೊಳಗೆ ಮರಿಯನ್ನು ತಾಯಿಯಿಂದ ಬಿಡಿಸಬಾರದು. ಬೇಕು-ಬೇಡಗಳನ್ನು ಅದು ಕಲಿಯುವುದು ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆಯಲ್ಲಿ. ಮನೆಯೊಡತಿ ಮರಿಯನ್ನು ಕೈಗೆ ಕೊಡುವ ಮೊದಲು ಹುಡುಗಿಯ ಮುಖ ನೋಡಿ ಕೇಳಿದಳು: "ನಿಮ್ಮನ್ಯಾಗ ಓಡಾಕ ಜಾಗಾ ಐತೇನವಾ?"

ಹುಡುಗಿ ಸುಮ್ಮನಾದಳು. "ಮೇಲೆ ತಾರಸಿ ಇದೆಯಮ್ಮ" ಎಂದರು ಅಪ್ಪ.

"ತಾರಸಿ ಸಾಲಂಗಿಲ್ರಿ. ದಿನಾ ಓಡಿಸಬೇಕು. ಕಟ್ಟಿ ಹಾಕಿದ್ರ ಕೊರಗತೈತಿ." ಆಮೇಲೆ ಆಕೆ ತಾಯಿನಾಯಿ ಮಲಗುವ ಗೋಣಿಚೀಲದಿಂದ ಒಂದು ತುಂಡು ಹರಿದು ಬುಟ್ಟಿಯಲ್ಲಿ ಹಾಸಿಕೊಟ್ಟಳು. "ಹೊಟ್ಟಿ ತುಂಬ ತಿನ್ಸಿ ಗಾಡ್ಯಾಗ ಕುಂಡ್ರಿಸಬ್ಯಾಡ್ರಿ" ಎಂದೂ ಹೇಳಿದಳು.

ಮರುದಿನ ಬೆಳಗಿನ ಐದಕ್ಕೆ ಹೊರಟರು. ಬೆಂಗಳೂರಿಗೆ ಸುಮಾರು 500 ಕಿಲೋಮೀಟರ್. ತಾಯಿನಾಯಿ ಬೇಲಿಯ ತನಕ ಬಂದು ನಿಂತಿತು. ಬುಟ್ಟಿಯಲ್ಲಿ ಕುಂಯ್‌ಗುಟ್ಟುವ ಮರಿ. ಅಲ್ಲಿಯವರೆಗೆ ಖುಷಿಯಲ್ಲಿದ್ದ ಹುಡುಗಿಗೆ ತಾನು ತಂದದ್ದು ಬಹುಮಾನವಲ್ಲ, ಯಾರದೋ ಮಗು ಎನ್ನುವುದು ಹೊಳೆದದ್ದು ಆಗ.

ಇಳಕಲ್ ದಾಟುವ ಮೊದಲೇ ಮರಿ ಎರಡು ಸಲ ವಾಂತಿ ಮಾಡಿತು. ಎಳೆಯ ಮರಿಗಳ ಕಿವಿಯೊಳಗೆ ಸಮತೋಲ ಕಾಯುವ ಅಂಗ ಪೂರ್ತಿ ಬಲಿತಿರುವುದಿಲ್ಲ; ಅದಕ್ಕೇ ವಾಹನದ ಕುಲುಕಾಟ ಅವಕ್ಕೆ ಆಗದು. ಮನೆಯಲ್ಲಿ ಕುಡಿದ ಲೋಟವನ್ನೂ ಎತ್ತಿಡದ ಹುಡುಗಿ ತಾನೇ ಒರೆಸಿ, ಹಳೆಯ ಪೇಪರ್ ಬದಲಾಯಿಸಿ, ಅಂಗೈಯಲ್ಲಿ ಗುಟುಕು ಗುಟುಕಾಗಿ ನೀರು ಕುಡಿಸಿದಳು. ಎರಡು ಗಂಟೆಗೊಮ್ಮೆ ಕಾರು ನಿಲ್ಲಿಸಿದರೂ ಮರಿಯನ್ನು ನೆಲಕ್ಕೆ ಬಿಡಲಿಲ್ಲ. ಪಾರ್ವೊ ರೋಗದ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಲಸಿಕೆಗಳು ಮುಗಿಯುವ ತನಕ, ಅಂದರೆ ಸುಮಾರು 16 ವಾರದವರೆಗೆ, ಬೇರೆ ನಾಯಿಗಳು ಓಡಾಡುವ ಜಾಗ ಮರಿಗೆ ಅಪಾಯ. ಹಾಗಾಗಿ ಒಂದು ಎರಡು ಎಲ್ಲವೂ ಕಾರಿನೊಳಗೆ, ಪೇಪರಿನ ಮೇಲೆ.

ಚಿತ್ರದುರ್ಗದ ಹತ್ತಿರ ಊಟದ ಹೊತ್ತಾಯಿತು. ಬಿಸಿಲು ನೆತ್ತಿ ಸುಡುತ್ತಿತ್ತು. "ಕಿಟಕಿ ಸ್ವಲ್ಪ ತೆಗೆದಿಟ್ಟು ಬಾ, ಹತ್ತೇ ನಿಮಿಷ" ಎಂದರು ಅಪ್ಪ.

"ನೀವು ಊಟ ಮಾಡಿ ಬನ್ನಿ ಅಪ್ಪಾ, ಆಮೇಲೆ ನಾನು ಹೋಗ್ತೀನಿ" ಎಂದು ಅವಳು ಬುಟ್ಟಿ ಎತ್ತಿಕೊಂಡು ಬೇವಿನ ಮರದ ನೆರಳಿಗೆ ನಡೆದಳು. ಅವಳು ಹೇಳಿದ್ದೇ ಸರಿ. ಬಿಸಿಲಿಗೆ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ 10 ಡಿಗ್ರಿಯಷ್ಟು ಶಾಖ ಏರಬಹುದು. ಕಿಟಕಿ ಬೆರಳಗಲ ತೆರೆದಿಟ್ಟರೆ ಹೆಚ್ಚೇನೂ ತಗ್ಗದು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಡುವುದೇ ಅದರ ಮುಖ್ಯ ದಾರಿ. ಕೈತೊಳೆದು ಬಂದ ಅಪ್ಪ ಮರಿಯನ್ನು ತಾವೇ ತೊಡೆಯ ಮೇಲೆ ಕೂರಿಸಿಕೊಂಡು, ಮಗಳನ್ನು ಊಟಕ್ಕೆ ಕಳಿಸಿದರು.

ಅಕ್ಕಿಪೇಟೆ ತಲುಪಿದಾಗ ಸಂಜೆ ಆರೂವರೆ. ರಾತ್ರಿ ಮಹಡಿಯ ಮೆಟ್ಟಿಲ ಕೆಳಗೆ ಹಾಸಿಗೆ ಮಾಡಿದರೆ ಮರಿ ಒಂದೇ ಸಮ ಅತ್ತಿತು. ಕೊನೆಗೆ ಎದ್ದು ಬಂದವರು ಅಜ್ಜಿ. "ತಾಯಿ ಬಿಟ್ಟು ಬಂದಿರೋ ಕೂಸು, ಒಬ್ಬೊಂಟಿ ಹೇಗೆ ಮಲಗುತ್ತೆ? ಹುಡುಗಿ ಮಂಚದ ಪಕ್ಕ ಇಡಿ. ಅಡಿಗೆಮನೆ ಹೊಸಿಲು ಮಾತ್ರ ದಾಟಕೂಡದು." ಗೋಣಿಯ ತುಂಡಿನಲ್ಲಿ ಮೂತಿ ಹುದುಗಿಸಿ ಮರಿ ನಿದ್ದೆಹೋಯಿತು.

ಲಸಿಕೆಗಳೆಲ್ಲ ಮುಗಿದದ್ದು ಜುಲೈ ಕೊನೆಗೆ. ರೇಬಿಸ್ ಚುಚ್ಚುಮದ್ದು ಮೂರು ತಿಂಗಳು ತುಂಬಿದ ಮೇಲೆ. ಅಷ್ಟರಲ್ಲಿ ಹುಡುಗಿ ಪಿಯುಸಿ ಸೇರಿದ್ದಳು. ಅಲಾರಂ ಹೊಡೆದರೂ ಏಳದವಳು ಈಗ ಐದಕ್ಕೆ ಎದ್ದು ಅಪ್ಪನನ್ನು ಎಬ್ಬಿಸುತ್ತಾಳೆ. ಮಳಿಗೆಗಳ ಷಟರ್ ಏಳುವ ಮೊದಲು ಅಕ್ಕಿಪೇಟೆಯ ಬೀದಿ ಖಾಲಿ. ಉದ್ದನೆಯ ಹಗ್ಗ ಹಿಡಿದು ಅವಳು ಓಡುತ್ತಾಳೆ, ಮುಂದೆ ಬಾಣದ ಹಾಗೆ ಮರಿ, ಹಿಂದೆ ಏದುಸಿರು ಬಿಡುತ್ತ ಅಪ್ಪ. ಭಾನುವಾರ ಕಾರಿನಲ್ಲಿ ಊರಾಚೆಯ ಬಯಲಿಗೆ ಪಯಣ. ಈಗ ಮರಿಗೆ ವಾಂತಿಯಿಲ್ಲ.

ಆಗಸ್ಟಿನಲ್ಲಿ ಒಂದು ದಿನ ಹುಡುಗಿ ಮುಧೋಳಕ್ಕೆ ಫೋನು ಮಾಡಿದಳು. ಅಂದು ಬಾಯಿಗೆ ಬಾರದಿದ್ದ ಉತ್ತರವನ್ನು ಈಗ ಕೊಟ್ಟಳು:

"ಜಾಗ ಇದೆ ಅಮ್ಮಾ. ಬೆಳಿಗ್ಗೆ ಐದರಿಂದ ಆರರ ತನಕ."