ಮಂಗ್ಯಾನ ಪಾಲು

ನಾನು ಈವರೆಗೆ ಕಟ್ಟಿದ್ದು ಎರಡೇ ಶೆಡ್ಡು. ಕಾಗದದ ಮೇಲೆ ಬರೆದದ್ದು ಮಾತ್ರ 17. ಕ್ಯಾಲೆಂಡರಿನ ಬೆನ್ನು, ಲಗ್ನಪತ್ರಿಕೆಯ ಖಾಲಿ ಮಗ್ಗುಲು, ಲೈಟ್ ಬಿಲ್ಲು, ಸಿಕ್ಕಿದ್ದರ ಮೇಲೆಲ್ಲ ಗೀಚಿದ್ದೇನೆ. ದಾಂಡೇಲಿಯ ನಮ್ಮ ಮನೆಯ ಹಿತ್ತಲಲ್ಲಿ ಒಗೆಯುವ ಕಲ್ಲಿಗೂ ನುಗ್ಗೆ ಗಿಡಕ್ಕೂ ನಡುವೆ ಇರುವುದು 10 ಅಡಿ ಉದ್ದ, 8 ಅಡಿ ಅಗಲದ ಜಾಗ. ಗುದ್ದಲಿ, ಸಲಿಕೆ, ಹಾರೆ, ಕುಡಗೋಲು, ನೀರಿನ ಪೈಪು, ಅರ್ಧ ಉಳಿದ ಗೊಬ್ಬರದ ಚೀಲ, ಇಷ್ಟಕ್ಕೊಂದು ಸೂರು ಬೇಕಿತ್ತು. ಆದರೆ ಪೆನ್ಸಿಲ್ ಹಿಡಿದು ಕೂತರೆ ಸುಮ್ಮನಿರಲಾದೀತೆ? ಗೋಡೆಗೊಂದು ಕಿಟಕಿ ಬರುತ್ತದೆ, ಕಿಟಕಿಗೊಂದು ಕಟ್ಟೆ, ಕಟ್ಟೆಯ ಮೇಲೆ ಚಹಾದ ಕಪ್ಪಿಗೆ ಜಾಗ. ಮಜಾ ಇರುವುದೇ ಈ ಹಂತದಲ್ಲಿ. ಕಾಗದದ ಶೆಡ್ಡು ಸೋರುವುದಿಲ್ಲ, ಕಾಗದದ ಕಂಬಕ್ಕೆ ಒರಲೆ ಹತ್ತುವುದಿಲ್ಲ.

ಒರಲೆ ಎಂದಾಗ ಮೊದಲ ಶೆಡ್ಡು ನೆನಪಾಗುತ್ತದೆ. ದಾಂಡೇಲಿ ಮರದ ಊರು. ಅರಣ್ಯ ಇಲಾಖೆಯ ಡಿಪೋದಲ್ಲಿ ಸಾಗವಾನಿ, ಮತ್ತಿ, ನಂದಿ, ಹೊನ್ನೆಯ ದಿಮ್ಮಿಗಳು ನಂಬರು ಹೊತ್ತು ಸಾಲಾಗಿ ಮಲಗಿರುತ್ತವೆ. ಅವು ಹರಾಜಿನ ಸರಕು. ನಾಲ್ಕು ಕಂಬ ಬೇಕಾದವನು ಅಲ್ಲಿಗೆ ಹೋಗುವುದೆಂದರೆ ಚಹಾಕ್ಕೆ ಹಾಲಿಲ್ಲವೆಂದು ಎಮ್ಮೆ ಸಂತೆಗೆ ಹೊರಟ ಹಾಗೆ. ಅದಕ್ಕೇ ಅಕೇಶಿಯಾದ ಕೋಲು ತಂದು 2 ಅಡಿ ಗುಂಡಿ ತೋಡಿ ನೆಟ್ಟೆ. ಮುಂಡಗೋಡದ ನಮ್ಮ ಭಾವ ಮೇಲೆ ತಗಡು ಹೊದಿಸು ಅಂದರು, ಹೊದಿಸಿದೆ. ಮಳೆ ಬಿದ್ದರೆ ಒಳಗೆ ತಮಟೆ, ಬಿಸಿಲು ಬಿದ್ದರೆ ಒಲೆ. ಮರುವರ್ಷ ಶ್ರಾವಣದಲ್ಲಿ ಮೂಲೆಯ ಕಂಬಕ್ಕೆ ಒರಗಿದೆ. ಹಪ್ಪಳ ಮುರಿದ ಸದ್ದಾಯಿತು. ಹೊರಗೆ ತೊಗಟೆ ತೊಗಟೆಯಂತೆಯೇ ಇತ್ತು, ಒಳಗೆ ಬರೀ ಮಣ್ಣು.

ಭಾವನದೇನೂ ತಪ್ಪಿರಲಿಲ್ಲ. ನಮ್ಮ ಕಡೆ ಬಸ್ಸಿನಲ್ಲಿ ಅರ್ಧ ದಿನ ಕೂತರೆ ಮಳೆಯ ಜಾತಿಯೇ ಬದಲಾಗುತ್ತದೆ. ಜೋಯಿಡಾದ ಹಳ್ಳಿಗಳಲ್ಲಿ ಸೂರು ಎಷ್ಟು ಕೆಳಗೆ ಇಳಿದಿರುತ್ತದೆಂದರೆ ಬಗ್ಗಿಯೇ ಒಳಗೆ ಹೋಗಬೇಕು. ದಾಂಡೇಲಿಗೆ ಬಂದರೆ ಅದು ತಲೆಯೆತ್ತುತ್ತದೆ. ಹಳಿಯಾಳ ದಾಟಿದರೆ ಧಾರವಾಡದ ಗಾಳಿ. ಮಾಳಿಗೆ ಮನೆಗಳು ಶುರುವಾಗುತ್ತವೆ. ಮುಂಡಗೋಡಕ್ಕೆ ಹೋಗುವಷ್ಟರಲ್ಲಿ ಮಳೆಯ ಸೊಕ್ಕು ಇಳಿದಿರುತ್ತದೆ, ಅಲ್ಲಿ ತಗಡೂ ಮರ್ಯಾದೆಯಿಂದ ಬಾಳುತ್ತದೆ. ಭಾವ ತಮ್ಮೂರಿನ ಮಳೆಗೆ ಸಲಹೆ ಕೊಟ್ಟಿದ್ದರು, ನಾನು ಕಟ್ಟಿದ್ದು ನಮ್ಮೂರಿನ ಮಳೆಯಲ್ಲಿ.

ಎರಡನೆಯ ಸಲ ಹಳಿಯಾಳದಿಂದ ಬಡಿಗೇರ ಅಜ್ಜನನ್ನು ಕರೆತಂದೆ. 17 ನಕ್ಷೆಗಳಲ್ಲಿ ಒಳ್ಳೆಯದೊಂದನ್ನು ಆರಿಸಿ ಮುಂದಿಟ್ಟೆ. ಅಜ್ಜ ಕಾಗದ ನೋಡಲಿಲ್ಲ, ಹಿತ್ತಲಲ್ಲಿ ನಿಂತು ಆಕಾಶ ನೋಡಿದ.

“ಸರ, ಮೊದಲ ಮಾಡು ಬರೀಬೇಕ್ರಿ, ಗ್ವಾಡಿ ಅಲ್ಲ. ಮಳಿ ಎಲ್ಲಿಂದ ಬರ್ತೈತಿ ನೋಡಿ, ಆಮ್ಯಾಲ ಬಾಗಲಾ ಎಲ್ಲಿ ಅಂತ ಕೇಳ್ರಿ.”

“ಅಜ್ಜಾರ, ಈ ಕಿಟಕಿ?”

“ಪಡುವಲಕ ಇಟ್ರ ನಿಮ್ಮ ಗುದ್ದಲಿ ದಿನಾ ಜಳಕಾ ಮಾಡ್ತಾವ. ಮೂಡಲಕ ಇಡ್ರಿ.”

17 ನಕ್ಷೆಯಲ್ಲೂ ನನ್ನ ಕಿಟಕಿ ಪಡುವಣಕ್ಕಿತ್ತು. ಸಂಜೆಯ ಬಿಸಿಲು, ಚಹಾದ ಕಪ್ಪು, ಎಲ್ಲ ಒಂದೇ ಮಾತಿನಲ್ಲಿ ಹೋಯಿತು.

ಹಗ್ಗ ಹಿಡಿದು ಮೂಲೆ ಗುರುತಿಸುವ ಕೆಲಸ ನನಗೆ ಬಂತು. ಒಂದು ಕಡೆ 3 ಅಡಿ, ಇನ್ನೊಂದು ಕಡೆ 4, ನಡುವಿನ ಓರೆ 5 ಬಂದರೆ ಮೂಲೆ ನೇರ. ಶಾಲೆಯಲ್ಲಿ ಪೈಥಾಗೊರಸ್ ಎಂದರೆ ಬೆವರುತ್ತಿದ್ದವನಿಗೆ ಕೆಂಪು ಮಣ್ಣಿನ ಮೇಲೆ ಅದು ತಾನಾಗಿಯೇ ಕೂತಾಗ ಆದ ಖುಷಿ ಹೇಳತೀರದು. ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಎದುರು ಮೂಲೆಗಳ ನಡುವೆ ಅಳೆದರೆ ಒಂದು ಓರೆ 12 ಅಡಿ 10 ಇಂಚು, ಇನ್ನೊಂದು 3 ಇಂಚು ಕಡಿಮೆ. ಒಂದು ಗೂಟ ಸರಿಸಿದರೆ ಮೂರು ಮೂಲೆ ಕೆಡುತ್ತಿತ್ತು. ಮಧ್ಯಾಹ್ನದ ಊಟಕ್ಕೆ ಕರೆ ಬರುವವರೆಗೂ ಅದೇ ನಡೆಯಿತು.

ಈ ಸಲ ಕಂಬಗಳನ್ನು ಹೂಳಲಿಲ್ಲ. ಹಳಿಯಾಳದಲ್ಲಿ ಕಳಚಿದ ಹಳೆ ಮನೆಯೊಂದರ ನಂದಿ ಮರದ ಕಂಬಗಳು ಸಿಕ್ಕಿದ್ದವು. ಅವನ್ನು ಅಡಿಗಲ್ಲಿನ ಮೇಲೆ ನಿಲ್ಲಿಸಿದೆವು. ಸುತ್ತ ಮೊಣಕಾಲೆತ್ತರಕ್ಕೆ ಚಿರೇಕಲ್ಲು. ಅದರ ಮೇಲೆ ಬಿದಿರಿನ ತಟ್ಟಿ. ಬಿದಿರನ್ನು ಚಳಿಗಾಲದಲ್ಲೇ ಕಡಿಸಿ ಮೂರು ವಾರ ನೀರಿನಲ್ಲಿ ಮುಳುಗಿಸಿಟ್ಟಿದ್ದೆ. ಅದರೊಳಗಿನ ಪಿಷ್ಟ ಬಸಿದುಹೋದರೆ ಕುಟ್ಟೆ ಹುಳಕ್ಕೆ ಊಟವಿಲ್ಲ. ತೆಗೆದಾಗ ಬಂದ ನಾತಕ್ಕೆ ಪಕ್ಕದ ಮನೆಯವರು ಎರಡು ದಿನ ಕಿಟಕಿ ತೆರೆಯಲಿಲ್ಲ.

ಈ ಜಿಲ್ಲೆಯ ಬಿದಿರಿನ ಬಗ್ಗೆ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು 1970ರ ದಶಕದಲ್ಲಿ ಕಂಡುಕೊಂಡ ಸಂಗತಿಯೊಂದು ನನಗೆ ಬಹಳ ಇಷ್ಟ. ಮೆಳೆಯ ಬುಡದ ಮುಳ್ಳು ಬೆಳವಣಿಗೆಗೆ ಅಡ್ಡಿಯೆಂದು ಅದನ್ನು ಸವರಿಸಲಾಗುತ್ತಿತ್ತು. ಹಳ್ಳಿಯವರು ಬೇಡವೆನ್ನುತ್ತಿದ್ದರು. ಅಳೆದು ನೋಡಿದರೆ ಹಳ್ಳಿಯವರೇ ಸರಿ. ಎಳೆ ಕಳಲೆಯನ್ನು ಮೇಯುವ ಬಾಯಿಗಳಿಂದ ಕಾಯುತ್ತಿದ್ದದ್ದೇ ಆ ಮುಳ್ಳು. ಇದನ್ನು ಅಜ್ಜನಿಗೆ ಹೇಳಿದೆ. “ಇದಕ್ಕ ಅಳೀಬೇಕಿತ್ತೇನ್ರಿ?” ಅಂದ.

ಹಂಚಿನ ಕಥೆ ಮಾತ್ರ ದೊಡ್ಡದು. ಮಾಡಿನ ಇಳಿಜಾರಿಗೆ ಅಜ್ಜನ ಲೆಕ್ಕ 3 ಅಡಿಗೆ 2 ಅಡಿ ಏರು. ಅದರ ಪ್ರಕಾರ ಸುಮಾರು 220 ಮಂಗಳೂರು ಹಂಚು ಬೇಕು. ಒಂದೊಂದಕ್ಕೆ ಎರಡೂವರೆ ಕಿಲೋ ಹಿಡಿದರೂ ಕಂಬಗಳ ತಲೆಯ ಮೇಲೆ ಐದೂವರೆ ಕ್ವಿಂಟಲ್. ಹಳೆ ಹಂಚನ್ನು ಎರಡು ಕಡೆಯಿಂದ ಕೂಡಿಹಾಕಿದೆ. ಕೆಲವದರ ಬೆನ್ನ ಮೇಲೆ 1865 ಎಂದಿತ್ತು. ನೂರೈವತ್ತು ವರ್ಷದ ಹಂಚು ಎಂದು ನಾನು ಊರೆಲ್ಲ ಹೇಳಿಕೊಂಡು ಬಂದೆ. ಅದು ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ತೆರೆದ ವರ್ಷ, ಹಂಚು ಸುಟ್ಟ ವರ್ಷವಲ್ಲವೆಂದು ಆಮೇಲೆ ತಿಳಿಯಿತು. ಯಾರಿಗೂ ತಿದ್ದಿ ಹೇಳಲು ಹೋಗಿಲ್ಲ.

ರೀಪು ಹೊಡೆಯುವ ಮೊದಲು ಅಜ್ಜ ಟೇಪು ಮುಟ್ಟಲಿಲ್ಲ. ಎರಡು ಹಂಚನ್ನು ಒಂದಕ್ಕೊಂದು ಕಚ್ಚಿಸಿ, ಮಗುಚಿ, ಹೊಟ್ಟೆಯಡಿಯ ಮೂಗಿನಿಂದ ಮೂಗಿಗೆ ಒಂದು ಕಡ್ಡಿ ಹಿಡಿದು ಮುರಿದ. ಅದೇ ಅಳತೆಗೋಲು. ಆ ಮೂಗು ರೀಪಿಗೆ ಸಿಕ್ಕಿಕೊಂಡು ನಿಲ್ಲಬೇಕು, ಮೇಲಿನ ಹಂಚಿನ ತುಟಿ ಕೆಳಗಿನದರ ತೋಡಿನಲ್ಲಿ ಕೂರಬೇಕು, ಮೊಳೆಯಿಲ್ಲ, ಗಾರೆಯಿಲ್ಲ. ಕೈಯಲ್ಲಿ ಹಿಡಿದು ಜಾರಿಸಿದಾಗ ‘ಟಕ್’ ಎನ್ನುತ್ತದಲ್ಲ, ಆ ಸದ್ದಿಗೋಸ್ಕರವೇ ಇನ್ನೊಂದು ಶೆಡ್ಡು ಕಟ್ಟಬಹುದು. ನನ್ನ ಎರಡು ಕಡೆಯ ಹಂಚುಗಳಿಗೆ ಮಾತ್ರ ಒಂದಕ್ಕೊಂದು ಆಗಿಬರಲಿಲ್ಲ, ಕಾಲಿಂಚಿನ ಜಗಳ. ಕೊನೆಗೆ ಒಂದೊಂದು ಇಳಿಜಾರಿಗೆ ಒಂದೊಂದು ಊರಿನ ಹಂಚು ಹಾಕಿ ಬೇರೆ ಮನೆ ಮಾಡಿಕೊಟ್ಟೆವು.

ಬಾಗಿಲು ಜೋಯಿಡಾ ಕಡೆಯದು. ಮಾರಿದವನು ಅದು ಹಳೆ ಸುಪಾದ್ದು ಅಂದ. ಕಾಳಿ ನದಿಗೆ ಕಟ್ಟಿದ 101 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ ಆ ಊರು ಮುಳುಗಿತು. ಜನ ಕಳಚಿ ತಂದ ಬಾಗಿಲು, ತೊಲೆಗಳು ಎಲ್ಲೆಲ್ಲೋ ಹೋಗಿ ಕೂತಿವೆ. ನಿಜವೋ, ಬೆಲೆ ಏರಿಸಲು ಹೇಳಿದ್ದೋ. ಹಲಗೆಯ ಒಳಮೈಯಲ್ಲಿ ನನ್ನ ಸೊಂಟದ ಎತ್ತರಕ್ಕೆ ಚಾಕುವಿನ ಐದು ಗೀಟುಗಳಿವೆ, ಒಂದರ ಮೇಲೊಂದು. ಯಾವುದೋ ಮಗುವಿನ ಎತ್ತರ ಇರಬೇಕು. ಐದರ ಮೇಲೆ ಗೀಟಿಲ್ಲ. ಅದಕ್ಕೆ ಬಣ್ಣ ಬಳಿಯಲು ಮನಸ್ಸಾಗಲಿಲ್ಲ.

ಕೆಲಸ ಮುಗಿಸಿ ಹೊರಡುವಾಗ ಅಜ್ಜ ಮಿಕ್ಕ ಹಂಚುಗಳಲ್ಲಿ 10 ಎಣಿಸಿ ಗೋಡೆಗೆ ಒರಗಿಸಿಟ್ಟ. “ಇವನ್ನ ಯಾರಿಗೂ ಕೊಡಬ್ಯಾಡ್ರಿ. ಮಂಗ್ಯಾನ ಪಾಲು.”

ನುಗ್ಗೆಯ ಟೊಂಗೆಯಿಂದ ಶೆಡ್ಡಿನ ನೆತ್ತಿಗೆ ಮುಸ್ಯಾಗಳಿಗೆ ಒಂದೇ ನೆಗೆತ. ಮೊನ್ನೆ ಬೆಳಿಗ್ಗೆ ಒಳಗೆ ಕೂತು ಕುಡಗೋಲು ಮಸೆಯುತ್ತಿದ್ದೆ, ಮೇಲೆ ಧಡ್ ಎಂದಿತು. ತಲೆಯೆತ್ತಿದರೆ ತುಂಡಾದ ಹಂಚಿನ ಸಂದಿಯಲ್ಲಿ ಅಂಗೈಯಗಲ ಆಕಾಶ, ಅದರಲ್ಲಿ ಒಂದು ಕಪ್ಪು ಮುಖ. ಇಬ್ಬರೂ ಒಂದು ಕ್ಷಣ ನೋಡಿಕೊಂಡೆವು. ಏಣಿ ತಂದು ಹಂಚು ಬದಲಿಸಿದೆ. ಗೋಡೆಯ ಹತ್ತಿರ ಈಗ ಮೂರು ಉಳಿದಿವೆ.